ಬೆಂಚಿನ ಮೇಲಿನ ದಸ್ತಿ

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿ ರತ್ನಮಾಲಾಳ ದಸ್ತಿಗೆ ಶೇಕಡಾ ಎಂಬತ್ತೊಂದು ಹಾಜರಿ ಬಂದಿತ್ತು. ಸ್ವತಃ ರತ್ನಮಾಲಾಳಿಗೆ ಬಂದದ್ದು ನಲವತ್ತಾರು. ಪರೀಕ್ಷೆಗೆ ಕೂರಬೇಕಾದರೆ ಎಪ್ಪತ್ತೈದು ಬೇಕು. ನಿಯಮದ ಪ್ರಕಾರ ಪರೀಕ್ಷೆಗೆ ದಸ್ತಿಯನ್ನೇ ಕೂರಿಸಬೇಕಿತ್ತು. ಹಾಗೆ ಮಾಡಿದ್ದರೆ ನಮ್ಮ ಎರಡೂ ವಿಶ್ವವಿದ್ಯಾಲಯಗಳಿಗೆ ಬಹಳ ಸಮಾಧಾನವಾಗುತ್ತಿತ್ತು ಎಂದು ಈಗಲೂ ನನಗೆ ಅನಿಸುತ್ತದೆ.

ದಸ್ತಿ ಎಂದರೆ ಕರವಸ್ತ್ರ. ನಮ್ಮ ಬೀದರ್ ಜಿಲ್ಲೆಯಲ್ಲಿ ಅದರಿಂದ ಮುಖ ಒರೆಸಿಕೊಳ್ಳುವುದು ಆಮೇಲಿನ ಮಾತು. ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಎಸೆದು ಸೀಟು ಹಿಡಿಯುವುದು ಅದರ ಮುಖ್ಯ ಕೆಲಸ. ದಸ್ತಿ ಬಿದ್ದ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಬಸುರಿ ನಿಂತಿರಲಿ, ಮುದುಕ ನಿಂತಿರಲಿ, ದಸ್ತಿ ಮಾತ್ರ ಆರಾಮಾಗಿ ಕೂತಿರುತ್ತದೆ. ದಸ್ತಿಯ ಒಡೆಯ ಬಂದೇ ಬರುತ್ತಾನೆ ಎಂಬ ನಂಬಿಕೆ ಇಲ್ಲಿ ಸಂವಿಧಾನಕ್ಕಿಂತ ಗಟ್ಟಿ. ನಾನು ಹೇಳಹೊರಟಿರುವುದು ಈ ನಂಬಿಕೆ ಬಸ್ಸಿನಿಂದ ಇಳಿದು ವಿಶ್ವವಿದ್ಯಾಲಯದೊಳಗೆ ಹೋದ ಕತೆ.

ನಾನು ಶ್ರೀಮಂತ, ಕೊಡಂಬಲದವನು. ಅತಿಥಿ ಉಪನ್ಯಾಸಕ. ಜೂನ್‌ನಲ್ಲಿ ಮುಂದುವರಿಕೆಯ ಆದೇಶ ಬಂದರೆ ಆ ವರ್ಷ ಮೇಷ್ಟ್ರು, ಬರದಿದ್ದರೆ ಹೊಲದಲ್ಲಿ ತೊಗರಿ ನೋಡಿಕೊಳ್ಳುವವನು. ಈ ಆದೇಶದ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಮಾಡಿದ ಹೇಡಿ ಕೆಲಸಕ್ಕೆ ಬೇರೆ ಕಾರಣ ಇಲ್ಲ.

ನಾನು ಕಲಿಸುವ ವಿಷಯ ಆಪರೇಷನ್ಸ್ ರಿಸರ್ಚ್. ಇರುವಷ್ಟು ಗಾಡಿ, ಇರುವಷ್ಟು ಜನ, ಇರುವಷ್ಟು ಹೊತ್ತು ಇಟ್ಟುಕೊಂಡು, ಕಡಿಮೆ ಓಡಾಟದಲ್ಲಿ ಹೆಚ್ಚು ಕೆಲಸ ತೆಗೆಯುವುದು ಹೇಗೆ ಎಂದು ಲೆಕ್ಕ ಹಾಕಿ ಹೇಳುವ ಶಾಸ್ತ್ರ ಅದು. ಅದನ್ನು ಕಲಿಸಲು ಎರಡು ವಿಶ್ವವಿದ್ಯಾಲಯಗಳು ಒಪ್ಪಂದ ಮಾಡಿಕೊಂಡವು. ಹೆಸರು ಹೇಳಿ ನನ್ನ ತಲೆಗೆ ತಂದುಕೊಳ್ಳುವುದು ಬೇಡ. ಒಂದನ್ನು ಹಿರಿಯದು, ಇನ್ನೊಂದನ್ನು ಕಿರಿಯದು ಎಂದು ಕರೆಯೋಣ. ಹಿರಿಯದರ ಕೇಂದ್ರ ಬಸವಕಲ್ಯಾಣದಲ್ಲಿ, ಕಿರಿಯದರ ಕೇಂದ್ರ ಹುಮನಾಬಾದದಲ್ಲಿ. ಪುಸ್ತಕಗಳು ಕಲ್ಯಾಣದಲ್ಲಿ, ಕಂಪ್ಯೂಟರುಗಳು ಹುಮನಾಬಾದದಲ್ಲಿ. ಕಲ್ಯಾಣದ ಸಂಯೋಜಕರು ಡಾ. ಮಚ್ಚೇಂದ್ರ, ಹುಮನಾಬಾದದವರು ಡಾ. ಬದ್ರುದ್ದೀನ್. ಒಪ್ಪಂದಕ್ಕೆ ಸಹಿ ಬೀಳುವ ದಿನ ಮೊದಲು ಸಹಿ ಹಾಕುವವರು ಯಾರು ಎಂಬ ವಿಷಯಕ್ಕೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಕಡೆಗೆ ಎರಡು ಪ್ರತಿ ತಂದು ಒಟ್ಟಿಗೇ ಹಾಕಿದರು.

ಎಲ್ಲವೂ ಸಮಪಾಲು ಎಂದು ಒಪ್ಪಂದದಲ್ಲಿತ್ತು. ಹಾಗಾಗಿ ವೇಳಾಪಟ್ಟಿಯನ್ನೂ ಸಮಪಾಲು ಮಾಡಿದರು. ಮೇಷ್ಟ್ರ ವೇಳಾಪಟ್ಟಿಯನ್ನು ಹಿರಿಯದು ಬರೆಯಿತು, ವಿದ್ಯಾರ್ಥಿಗಳದನ್ನು ಕಿರಿಯದು ಬರೆಯಿತು. ಹಿರಿಯದರ ಪ್ರಕಾರ ಸೋಮವಾರ, ಬುಧವಾರ, ಶುಕ್ರವಾರ ನಾನು ಕಲ್ಯಾಣದಲ್ಲಿ ಕಲಿಸಬೇಕು. ಕಿರಿಯದರ ಪ್ರಕಾರ ಸೋಮವಾರ, ಬುಧವಾರ, ಶುಕ್ರವಾರ ವಿದ್ಯಾರ್ಥಿಗಳು ಹುಮನಾಬಾದದಲ್ಲಿ ಕಲಿಯಬೇಕು. ಉಳಿದ ಮೂರು ದಿನ ನಾನು ಹುಮನಾಬಾದಕ್ಕೆ, ಅವರು ಕಲ್ಯಾಣಕ್ಕೆ. ಎರಡು ವೇಳಾಪಟ್ಟಿಗಳನ್ನೂ ಬೇರೆ ಬೇರೆಯಾಗಿ ನೋಡಿದರೆ ಒಂದು ತಪ್ಪೂ ಸಿಗುತ್ತಿರಲಿಲ್ಲ. ಒಟ್ಟಿಗೆ ಇಟ್ಟು ನೋಡುವ ಅಧಿಕಾರ ಜಂಟಿ ಸಭೆಗೆ ಮಾತ್ರ ಇತ್ತು. ಜಂಟಿ ಸಭೆ ಎಂದೂ ನಡೆಯಲಿಲ್ಲ, ಯಾಕೆಂದರೆ ಅದನ್ನು ಕಲ್ಯಾಣದಲ್ಲಿ ನಡೆಸಬೇಕೋ ಹುಮನಾಬಾದದಲ್ಲಿ ನಡೆಸಬೇಕೋ ಎಂಬುದು ಇತ್ಯರ್ಥವಾಗಿರಲಿಲ್ಲ.

ಇದರ ಮೇಲೆ ಇನ್ನೊಂದು ನಿಯಮ. ಎರಡೂ ಕೇಂದ್ರಗಳಲ್ಲಿ ವಾರಕ್ಕೆ ಆರು ದಿನ ಕೆಲಸ, ಎರಡರಲ್ಲೂ ಬೇರೆ ಬೇರೆ ಹಾಜರಿ ಪುಸ್ತಕ, ಎರಡರಲ್ಲೂ ಶೇಕಡಾ ಎಪ್ಪತ್ತೈದು ಕಡ್ಡಾಯ. ಮೊದಲ ವಾರವೇ ರತ್ನಮಾಲಾ ಹಾಳೆಯ ಮೇಲೆ ಗೀಚಿ ನನಗೆ ತೋರಿಸಿದಳು.

"ಆರು ದಿನದಾಗ ಮುಕ್ಕಾಲು ಅಂದ್ರ ನಾಲ್ಕೂವರಿ ದಿನ್ರಿ ಸರ್. ಕಲ್ಯಾಣದಾಗ ನಾಲ್ಕೂವರಿ, ಹುಮನಾಬಾದದಾಗ ನಾಲ್ಕೂವರಿ. ವಾರಕ್ಕ ಒಂಬತ್ತು ದಿನ ಬೇಕಾಗ್ತಾವ್ರಿ."

"ಬರಾಬರ್ ಅದ," ಎಂದೆ. "ಇದಕ್ಕೇ ನಮ್ಮ ಶಾಸ್ತ್ರದಾಗ ಪರಿಹಾರ ಇಲ್ಲದ ಸಮಸ್ಯೆ ಅಂತಾರ."

"ಹಂಗಾದ್ರ ಅವ್ರಿಗಿ ಹೇಳ್ರಿ ಸರ್."

ಹೇಳಿದೆ. ಮಚ್ಚೇಂದ್ರ ಸರ್ ಹಾಳೆಯನ್ನು ತಿರುವಿ ಮುರುವಿ ನೋಡಿ, "ಹುಡುಗಿ ಶಾಣ್ಯಾ ಅದಾಳ, ಇದನ್ನೇ ಪ್ರಾಜೆಕ್ಟ್ ಮಾಡ್ಲಿ," ಎಂದರು. ಬದ್ರುದ್ದೀನ್ ಸರ್ ಅದನ್ನು ಜಂಟಿ ಸಭೆಯ ಮುಂದೆ ಇಡುವುದಾಗಿ ಹೇಳಿ ಫೈಲಿಗೆ ಹಾಕಿದರು. ಅಲ್ಲಿಗೆ ಅದರ ಕತೆ ಮುಗಿಯಿತು.

ಕೋರ್ಸಿಗೆ ಸೇರಿದವರು ಹನ್ನೊಂದು ಜನ. ಆರು ತಿಂಗಳೊಳಗೆ ಹತ್ತು ಜನ ಕೈ ಮುಗಿದು ಹೋದರು. ಉಳಿದವಳು ರತ್ನಮಾಲಾ ಒಬ್ಬಳೇ. ಹೀಗೆ ಎರಡು ವಿಶ್ವವಿದ್ಯಾಲಯ, ಇಬ್ಬರು ಸಂಯೋಜಕರು, ಎರಡು ಕಟ್ಟಡ, ಒಬ್ಬ ಮೇಷ್ಟ್ರು, ಒಬ್ಬ ವಿದ್ಯಾರ್ಥಿನಿ. ಆ ಮೇಷ್ಟ್ರು, ಆ ವಿದ್ಯಾರ್ಥಿನಿ ಒಂದು ಕೋಣೆಯಲ್ಲಿ ಭೇಟಿಯಾಗದಂತೆ ನೋಡಿಕೊಳ್ಳುವುದೇ ಉಳಿದವರೆಲ್ಲರ ಕೆಲಸವಾಗಿತ್ತು.

ಅವಳು ಯಾಕೆ ಬಿಟ್ಟು ಹೋಗಲಿಲ್ಲ ಎಂದು ಕೇಳಿ. ಅವಳ ಊರು ಗೋರ್ಟಾ (ಬಿ). ಅಪ್ಪ ಸಂಘಪಾಲ ಕಬ್ಬು ಹೇರುವ ಟ್ರ್ಯಾಕ್ಟರಿನ ಡ್ರೈವರ್, ಅವ್ವ ಸೋನುಬಾಯಿ ಕೂಲಿಗೆ ಹೋಗುವವಳು. ಕಬ್ಬು ಅರೆಯುವ ಹಂಗಾಮು ಬಂತೆಂದರೆ ಸಂಘಪಾಲ ಹಳ್ಳಿಖೇಡದ ಕಡೆ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಯಾರ್ಡಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಹತ್ತೊಂಬತ್ತು, ಇಪ್ಪತ್ತು ತಾಸು ಕಾಯುತ್ತಿದ್ದ. ರತ್ನಮಾಲಾ ಸಣ್ಣವಳಿದ್ದಾಗ ಅಲ್ಲಿಗೆ ಬುತ್ತಿ ಒಯ್ಯುತ್ತಿದ್ದಳು. ಆ ಸಾಲು ಯಾಕೆ ಮುಂದೆ ಸರಿಯುವುದಿಲ್ಲ ಎಂಬ ಪ್ರಶ್ನೆ ಅವಳ ತಲೆಯಲ್ಲಿ ಆವಾಗಿನಿಂದ ಕೂತಿತ್ತು. ಪ್ರಾಜೆಕ್ಟಿಗೆ ಅದನ್ನೇ ಹಿಡಿದಳು. ಎರಡು ತಿಂಗಳು ರಜೆಯಲ್ಲಿ ಅಲ್ಲೇ ನಿಂತು ಎಣಿಸಿದಳು. ಸಾಲಿನಲ್ಲಿ ನಿಜವಾದ ಗಾಡಿಗಳು ಅರವತ್ತು ಇದ್ದರೆ, ಕಲ್ಲಿನ ಕೆಳಗೆ ದಸ್ತಿ ಇಟ್ಟು ನಂಬರು ಹಿಡಿದು ಊಟಕ್ಕೆ, ನಿದ್ದೆಗೆ, ಬೀಗರ ಮನೆಗೆ ಹೋದ ಗಾಡಿಗಳು ನಲವತ್ತು. ಎಲ್ಲರೂ ದಸ್ತಿಗಳ ಹಿಂದೆ ಕಾಯುತ್ತಿದ್ದರು. ಹಳ್ಳಿಗೊಂದು ತಾಸು ಗೊತ್ತು ಮಾಡಿ, ಗಾಡಿ ಬಂದ ಮೇಲೆಯೇ ನಂಬರು ಕೊಟ್ಟರೆ ಕಾಯುವುದು ಐದು ತಾಸಿಗೆ ಇಳಿಯುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದಳು. ಯಾರ್ಡಿನ ಅಧಿಕಾರಿ ಅದನ್ನು ಎರಡು ಸಲ ಓದಿ, "ಡಿಗ್ರಿ ಕಾಗದ ತಗೊಂಡ್ ಬಾ ತಂಗಿ, ಬರೋ ಹಂಗಾಮಿಗಿ ನಿನ್ನೇ ಇಟ್ಕೋತೇವಿ," ಎಂದ. ಬರುವ ಹಂಗಾಮಿಗೆ, ಅದರ ಮುಂದಿನದಕ್ಕಲ್ಲ. ಅವಳಿಗೆ ಆ ವರ್ಷದ ಪರೀಕ್ಷೆ ತಪ್ಪುವಂತಿರಲಿಲ್ಲ.

ಇನ್ನು ರಾಜೇಶ್ವರದ ಮಾತು. ಕಲ್ಯಾಣ, ಹುಮನಾಬಾದಗಳ ನಡುವೆ ಹೆದ್ದಾರಿಯ ಮೇಲಿರುವ ಊರು ಅದು. ಒಂದು ಸೋಮವಾರ ನಾನು ಹುಮನಾಬಾದದ ಕಡೆಯಿಂದ ಕಲ್ಯಾಣಕ್ಕೆ ಹೊರಟಿದ್ದೆ. ರಾಜೇಶ್ವರದಲ್ಲಿ ಬಸ್ಸು ನಿಂತಾಗ ಎದುರಿನ ಬಸ್ಸಿನ ಕಿಟಕಿಯಲ್ಲಿ ರತ್ನಮಾಲಾ ಕಂಡಳು. ಅವಳು ನನ್ನ ಪಾಠ ಕೇಳಲು ಹುಮನಾಬಾದಕ್ಕೆ ಹೊರಟಿದ್ದಳು. ಇಬ್ಬರೂ ನಕ್ಕೆವು. ಬುಧವಾರ ಮತ್ತೆ ಕಂಡಳು. ನಗಲಿಲ್ಲ. ಶುಕ್ರವಾರ ಕಿಟಕಿಯಿಂದಲೇ ಕೂಗಿ ಕೇಳಿದಳು, "ಸರ್, ಇಲ್ಲೇ ಇಳೀರಲ್ಲ?"

ಇಳಿದೆವು. ಬಸ್ ಸ್ಟ್ಯಾಂಡಿನ ಪಕ್ಕ ಸಾಜಿದನ ಚಹಾ ಹೋಟೆಲು. ಹಿಂದಿನ ಬೆಂಚು ಖಾಲಿ ಇತ್ತು. ಅಲ್ಲಿ ಪಾಠ ಶುರುವಾಯಿತು. ಅವತ್ತು ಕಲಿಸಿದ್ದು ಎರಡು ಊರುಗಳಿಗೆ ಒಂದೇ ಗೋದಾಮು ಕಟ್ಟುವುದಾದರೆ ಎಲ್ಲಿ ಕಟ್ಟಬೇಕು ಎಂಬ ಅಧ್ಯಾಯ. ಅಧ್ಯಾಯ ಮುಗಿಯುವ ಮೊದಲೇ ಅವಳು ತಲೆ ಎತ್ತಿ ಸಾಜಿದನ ಹೋಟೆಲಿನ ತಗಡು ನೋಡಿ, "ಇಲ್ಲೇ ಕಟ್ಟಬೇಕ್ರಿ ಸರ್," ಎಂದಳು. ನನ್ನ ಹನ್ನೆರಡು ವರ್ಷದ ನೌಕರಿಯಲ್ಲಿ ಒಂದು ಪಾಠ ಅಷ್ಟು ಚೆನ್ನಾಗಿ ಇಳಿದದ್ದು ನೋಡಿರಲಿಲ್ಲ. ಅಲ್ಲಿಂದ ಮುಂದೆ ನಮ್ಮ ಕ್ಲಾಸು ಅಲ್ಲೇ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ನಡುವೆ ಎರಡು ಚಹಾ. ಒಂದೂವರೆ ವರ್ಷ ನಡೆಯಿತು. ಸಾಜಿದ ಸಿಲೆಬಸ್ಸಿನ ಅರ್ಧ ಬಾಯಿಪಾಠ ಮಾಡಿಬಿಟ್ಟ.

ಆದರೆ ಹಾಜರಿ? ಶುರುವಿನಲ್ಲಿ ಒಂದು ದಿನ ರತ್ನಮಾಲಾ ಹುಮನಾಬಾದ ಕೇಂದ್ರಕ್ಕೆ ಹೋಗಿ ಕಂಪ್ಯೂಟರಿನಲ್ಲಿ ಒಂದಿಷ್ಟು ಕೆಲಸ ಮಾಡಿ, ಬೆಂಚಿನ ಮೇಲೆ ದಸ್ತಿ ಬಿಟ್ಟು ರಾಜೇಶ್ವರದ ಬಸ್ಸು ಹಿಡಿದಳು. ಮರುದಿನವೂ ದಸ್ತಿ ಅಲ್ಲೇ ಇತ್ತು. ಅಲ್ಲಿನ ಅಟೆಂಡರ್ ಕುಲ್ಸುಮ್ ಬೀ. ಹಾಜರಿ ಪುಸ್ತಕ ತುಂಬುವವಳೂ ಅವಳೇ, ಯಾಕೆಂದರೆ ಆ ಕೇಂದ್ರದಲ್ಲಿ ದಿನವೂ ಬರುವ ಮನುಷ್ಯ ಅವಳೊಬ್ಬಳೇ. ಇಪ್ಪತ್ತು ವರ್ಷ ಬಸ್ಸಿನಲ್ಲಿ ಓಡಾಡಿದ ಹೆಂಗಸು. ದಸ್ತಿ ನೋಡಿದಳು, ಹಾಜರಿ ಹಾಕಿದಳು. ವಾರ ಬಿಟ್ಟು ಹೋದ ರತ್ನಮಾಲಾ ಪುಸ್ತಕ ನೋಡಿ ಗಾಬರಿಯಾದಳು.

"ಖಾಲಾ, ನಾ ಬಂದೇ ಇಲ್ಲಲ್ರಿ. ಹಾಜರಿ ಯಾಕ್ ಹಾಕೀರಿ?"

"ನೀ ಬರ್ಲಿಲ್ಲಂದ್ರ ಏನಾತು ಬೇಟಿ, ನಿನ್ ದಸ್ತಿ ಇತ್ತಲ್ಲ. ದಸ್ತಿ ಅದ ಅಂದ್ರ ಆದ್ಮಿ ಅದ. ಖಲಾಸ್."

"ಹಂಗ ನಡೀತದೇನ್ರಿ?"

ಕುಲ್ಸುಮ್ ಬೀ ಅವಳ ಕೈ ಹಿಡಿದು ಸಂಯೋಜಕರ ಕೋಣೆಯ ಬಾಗಿಲಿಗೆ ಕರೆದೊಯ್ದಳು. ಒಳಗೆ ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲೆ ಒಂದು ಫೈಲು ತೆರೆದಿತ್ತು, ಅದರ ಮೇಲೆ ಬದ್ರುದ್ದೀನ್ ಸರ್‌ರ ಕನ್ನಡಕದ ಡಬ್ಬಿ. "ಸಾಹೇಬ್ರು ಮೂರು ದಿನದಿಂದ ಹಿಂಗೇ ಹಾಜರ್ ಅದಾರ," ಎಂದಳು. "ಅವ್ರಿಗಿ ನಡ್ಯೋದು ನಿನಗ್ಯಾಕ ನಡ್ಯಂಗಿಲ್ಲ?"

ಕಲ್ಯಾಣದಲ್ಲೂ ಬೇರೆ ಸ್ಥಿತಿ ಇರಲಿಲ್ಲ. ಮಚ್ಚೇಂದ್ರ ಸರ್‌ರ ಕರಿಯ ಕೋಟು ಅವರ ಕುರ್ಚಿಯ ಬೆನ್ನಿಗೆ ಸದಾ ತೂಗುತ್ತಿತ್ತು. ಸರ್ ಕಲಬುರಗಿಯಲ್ಲಿರಲಿ, ಮಗಳ ಮನೆಗೆ ಸೊಲ್ಲಾಪುರಕ್ಕೆ ಹೋಗಿರಲಿ, ಕೋಟು ಮಾತ್ರ ಕರ್ತವ್ಯನಿಷ್ಠ. ನನ್ನ ಬಗ್ಗೆ ಮುಚ್ಚಿಟ್ಟು ಏನು ಮಾಡಲಿ, ನನ್ನದೂ ಒಂದೊಂದು ಊಟದ ಡಬ್ಬಿ ಎರಡೂ ಸ್ಟಾಫ್ ರೂಮಿನಲ್ಲಿತ್ತು. ಖಾಲಿ ಡಬ್ಬಿ. ನಾನು ಸಾಜಿದನ ಹೋಟೆಲಿನಲ್ಲಿ ಪಾಠ ಮಾಡುವಾಗ ಅವು ನನ್ನ ಪರವಾಗಿ ಕೂತಿರುತ್ತಿದ್ದವು.

ಕುಲ್ಸುಮ್ ಬೀ ಈ ಪದ್ಧತಿಯನ್ನು ಕಲ್ಯಾಣದ ಅಟೆಂಡರ್ ದಿಲೀಪನಿಗೆ ಫೋನಿನಲ್ಲಿ ತಿಳಿಸಿದಳು. ಎರಡೂ ಕೇಂದ್ರಗಳಲ್ಲಿ ಏಕರೂಪತೆ ಇರಬೇಕು ಎಂದು ಒಪ್ಪಂದದ ನಾಲ್ಕನೆಯ ಕಲಮಿನಲ್ಲಿದೆ. ಆ ಕಲಮು ಜಾರಿಗೆ ಬಂದದ್ದು ಅದೊಂದೇ ಸಲ. ಸೋನುಬಾಯಿ ತನ್ನ ಹಳೆಯ ಹಳದಿ ಸೀರೆಯ ಸೆರಗು ಹರಿದು ಎರಡು ದಸ್ತಿ ಹೊಲಿದು ಕೊಟ್ಟಳು, ಕಲ್ಯಾಣಕ್ಕೊಂದು, ಹುಮನಾಬಾದಕ್ಕೊಂದು. ದಿಲೀಪ ಬಹಳ ಕಟ್ಟುನಿಟ್ಟಿನ ಮನುಷ್ಯ. ದಸ್ತಿ ಒಗೆಯಲು ಹೋದ ದಿನಗಳಲ್ಲಿ ಗೈರುಹಾಜರಿ ಹಾಕುತ್ತಿದ್ದ. ಅದಕ್ಕೇ ಕಲ್ಯಾಣದಲ್ಲಿ ಹಾಜರಿ ಎಪ್ಪತ್ತೊಂಬತ್ತು, ಹುಮನಾಬಾದದಲ್ಲಿ ಎಂಬತ್ಮೂರು. ಸರಾಸರಿ ಎಂಬತ್ತೊಂದು.

ರತ್ನಮಾಲಾಳಿಗೆ ಇದು ಹಿಡಿಸಿರಲಿಲ್ಲ. "ನಾವು ಖರೇ ಓದಾಕತ್ತೇವಿ, ಆದ್ರ ಸುಳ್ಳು ಹೇಳಿ ಓದಾಕತ್ತೇವ್ರಿ ಸರ್," ಎಂದು ಒಂದು ದಿನ ಅಂದಳು. ನಾನು ಅವಳಿಗೆ ಚಹಾ ಹೇಳಿದೆ.

ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ತಿಂಗಳಿದ್ದಾಗ ಮೌಲ್ಯಮಾಪನ ಸಮಿತಿ ಬಂತು. ಹೊರಗಿನ ಮೂವರು ಪ್ರೊಫೆಸರರು. ಕೋರ್ಸಿಗೆ ಗ್ರೇಡು ಕೊಡುವವರು. ಹೇಳದೆ ಕೇಳದೆ ಒಂದು ಬುಧವಾರ ಹುಮನಾಬಾದಕ್ಕೆ ಇಳಿದರು. ಕ್ಲಾಸಿನಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ಒಂದು ಹಳದಿ ದಸ್ತಿ.

"ವಿದ್ಯಾರ್ಥಿಗಳು ಎಲ್ಲಿ?" ಎಂದು ಅಧ್ಯಕ್ಷರು ಕೇಳಿದರು.

"ಹಾಜರ್ ಅದಾಳ್ರಿ," ಎಂದು ಕುಲ್ಸುಮ್ ಬೀ ದಸ್ತಿ ತೋರಿಸಿದಳು. ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕು ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲವಂತೆ.

ಸಮಿತಿ ಸಂಯೋಜಕರ ಕೋಣೆಗೂ ಹೋಯಿತು. ಫ್ಯಾನು, ಫೈಲು, ಕನ್ನಡಕದ ಡಬ್ಬಿ. ಅಧ್ಯಕ್ಷರು ಬರೆದುಕೊಂಡರು: ಸಂಯೋಜಕರು ಕಾರ್ಯನಿಮಿತ್ತ ಹೊರಗಿದ್ದರು. ಅಲ್ಲಿಂದ ಕಲ್ಯಾಣಕ್ಕೆ ಬಂದರು. ಕೋಟು ನೋಡಿದರು, ಅದನ್ನೇ ಬರೆದರು. ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿ ನೋಡಿದರು: ಉಪನ್ಯಾಸಕರು ಊಟಕ್ಕೆ ತೆರಳಿದ್ದರು. ಕ್ಲಾಸಿಗೆ ಹೋದರು. ಅಲ್ಲೂ ಅದೇ ಸೀರೆಯ ದಸ್ತಿ. ಫೋಟೋ ತೆಗೆದು ಬರೆದರು: ವಿದ್ಯಾರ್ಥಿನಿಯಿಂದ ಹಾಜರಿಯಲ್ಲಿ ಗಂಭೀರ ವಂಚನೆ. ಒಂದೇ ದಿನ, ಒಂದೇ ಪೆನ್ನು. ಕೋಟಿಗೆ ಮರ್ಯಾದೆ, ದಸ್ತಿಗೆ ಅಪರಾಧ. ಆ ವರದಿಯ ಪ್ರತಿ ನನ್ನ ಬಳಿ ಇದೆ. ಸಿಟ್ಟು ಬರಿಸಿಕೊಳ್ಳಬೇಕು ಅನಿಸಿದಾಗ ತೆಗೆದು ಓದುತ್ತೇನೆ.

ರತ್ನಮಾಲಾಳ ಹಾಲ್ ಟಿಕೆಟ್ ತಡೆಹಿಡಿದರು. ದಸ್ತಿಯ ಹಾಜರಿ ಕಳೆದು, ಪುಸ್ತಕಕ್ಕೆಂದು, ಕಂಪ್ಯೂಟರಿಗೆಂದು ಅವಳು ನಿಜವಾಗಿ ಹೋದ ದಿನಗಳನ್ನು ಎಣಿಸಿದಾಗ ನಲವತ್ತಾರು ಉಳಿಯಿತು. ವಿಚಾರಣೆಗೆ ಇಬ್ಬರೂ ಸಂಯೋಜಕರು ಕೂರಬೇಕು. ಎಲ್ಲಿ ಕೂರಬೇಕು ಎಂಬ ಹಳೆಯ ಪ್ರಶ್ನೆ ಎದ್ದಿತು. ಕಲ್ಯಾಣಕ್ಕೆ ಅವರು ಬರುವುದಿಲ್ಲ, ಹುಮನಾಬಾದಕ್ಕೆ ಇವರು ಹೋಗುವುದಿಲ್ಲ. ಕಡೆಗೆ ರಾಜೇಶ್ವರದ ಪಂಚಾಯಿತಿಯ ಒಂದು ಕೋಣೆ ಗೊತ್ತಾಯಿತು.

ಮಚ್ಚೇಂದ್ರ ಸರ್ ಒಳಗೆ ಬಂದು ಕೂತವರೇ, "ಎರಡೂ ಕಡೆಗಿ ಎಷ್ಟು ಅನುಕೂಲ ಅದ ನೋಡ್ರಿ ಈ ಜಾಗಾ," ಎಂದರು.

"ಮೊದಲೇ ಯಾಕ್ ಹೊಳೀಲಿಲ್ಲ ನಮಗ?" ಎಂದರು ಬದ್ರುದ್ದೀನ್ ಸರ್.

ರತ್ನಮಾಲಾ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಜನಗಣತಿ ಪಟ್ಟಿ ಓದುತ್ತಿದ್ದೆ.

ವಿಚಾರಣೆ ಶುರುವಾಯಿತು. ಅವಳು ನೇರವಾಗಿ ಹೇಳಿದಳು. "ದಸ್ತಿ ಇಟ್ಟಿದ್ದು ಖರೇ ಅದ್ರಿ. ತಪ್ಪು ನಂದೂ ಅದ. ಆದ್ರ ಕ್ಲಾಸು ತಪ್ಪಿಸಿಲ್ಲ. ಒಂದೂವರಿ ವರ್ಷ ದಿನಾ ಹತ್ತಕ್ಕ ಇಲ್ಲೇ, ಈ ಊರಾಗೇ ಸರ್ ಪಾಠ ಮಾಡ್ಯಾರ. ಕೇಳ್ರಿ ಅವ್ರಿಗಿ."

ಅದೇ ಹೊತ್ತಿಗೆ ಚಹಾ ತಂದ ಸಾಜಿದ ಗ್ಲಾಸು ಇಡುತ್ತಾ, "ಹೌದ್ರಿ ಸಾಹೇಬ್ರ, ದಿನಾ ನಮ್ಮ ಹೋಟೆಲ್ನ್ಯಾಗೇ," ಎಂದ. ಚಹಾ ಮಾರುವವನ ಮಾತು ನಡಾವಳಿಗೆ ಬರುವುದಿಲ್ಲ ಎಂದು ಮಚ್ಚೇಂದ್ರ ಸರ್ ಹೇಳಿದರು. ಚಹಾ ಮಾತ್ರ ತೆಗೆದುಕೊಂಡರು.

ಬದ್ರುದ್ದೀನ್ ಸರ್ ನನ್ನ ಕಡೆ ತಿರುಗಿದರು. "ಶ್ರೀಮಂತ, ನೀವು ರಾಜೇಶ್ವರದಾಗ ಕ್ಲಾಸ್ ತಗೊಂಡೀರೇನು? ನೋಡಿ ಹೇಳ್ರಿ. ತಗೊಂಡೀನಿ ಅಂದ್ರ ಆ ದಿನ ನೀವು ಕಲ್ಯಾಣದಾಗ, ಹುಮನಾಬಾದದಾಗ ಸಹಿ ಮಾಡಿದ್ದು ಸುಳ್ಳಾಗ್ತದ. ಮುಂದ ನಿಮ್ಮ ಆದೇಶದ ಫೈಲ್ ನಮ್ಮ ಹತ್ರಾನೇ ಬರ್ತದ."

ಒಂದು "ಹೌದ್ರಿ" ಸಾಕಾಗಿತ್ತು. ನಾಲಿಗೆಗೆ ಭಾರವಾದ ಮಾತೇನೂ ಅಲ್ಲ, ದಿನಕ್ಕೆ ನೂರು ಸಲ ಹೇಳುವ ಮಾತು. ನಾನು ಅಂದದ್ದು: "ದಾಖಲೆ ಪರಿಶೀಲಿಸಿ ತಿಳಿಸ್ತೇನ್ರಿ ಸರ್."

ರತ್ನಮಾಲಾ ಆಮೇಲೆ ನನ್ನ ಕಡೆ ನೋಡಲಿಲ್ಲ. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾದರೂ ಬಾಯಿ ತೆರೆಯಲಿಲ್ಲ, ಅದನ್ನೂ ಹೇಳಬೇಕು.

ಮಚ್ಚೇಂದ್ರ ಸರ್ ತೀರ್ಪು ಬರೆಯತೊಡಗಿದರು. ಹಾಜರಿ ನಲವತ್ತಾರು, ಒಂದು ವರ್ಷ ಅನರ್ಹ. ಮೇಜಿನ ಮೇಲೆ ಇನ್ನೊಂದು ಫೈಲು ಇತ್ತು. ಗ್ರೇಡಿಗಾಗಿ ಸಮಿತಿಗೆ ಕಳಿಸಬೇಕಾದ ಕೋರ್ಸಿನ ಸಾಧನಾ ವರದಿ. ಅದಕ್ಕೂ ಇಬ್ಬರ ಸಹಿ ಬೇಕಿತ್ತು. ಒಂದೇ ಖರ್ಚಿನಲ್ಲಿ ಎರಡು ಕೆಲಸ ಎಂದು ತಂದಿದ್ದರು. ಇಬ್ಬರೂ ಅದಕ್ಕೆ ಮೊದಲು ಸಹಿ ಹಾಕಿ ಮುಗಿಸಿದ್ದರು. ರತ್ನಮಾಲಾ ಅದನ್ನು ಎದುರಿನಿಂದ ತಲೆಕೆಳಗಾಗಿಯೇ ಓದಿದಳು.

"ಸರ್, ಇದರಾಗ ಕೋರ್ಸಿನ ಸರಾಸರಿ ಹಾಜರಿ ಎಂಬತ್ತೊಂದು ಅಂತ ಅದಲ್ರಿ?"

"ಹಾಂ, ಅದು ಎಕ್ಸಲೆಂಟ್ ಗ್ರೇಡಿಗಿ ಬೇಕು. ಅದಕ್ಕೂ ನಿನಗೂ ಸಂಬಂಧ ಇಲ್ಲ," ಎಂದರು ಮಚ್ಚೇಂದ್ರ ಸರ್.

"ಕೋರ್ಸಿನ್ಯಾಗ ಎಷ್ಟು ಮಂದಿ ಅದಾರ್ರಿ ಸರ್?"

"ಒಬ್ಬಾಕಿ. ನೀನೇ."

"ಒಬ್ಬಾಕಿದೇ ಸರಾಸರಿ ಎಂಬತ್ತೊಂದು ಆದ್ರ, ಆ ಒಬ್ಬಾಕಿದು ನಲವತ್ತಾರು ಹ್ಯಾಂಗ ಆಗ್ತದ್ರಿ?"

ಬದ್ರುದ್ದೀನ್ ಸರ್ ಗಣಿತ ಓದಿದವರು. ಕೈಯಲ್ಲಿದ್ದ ಗ್ಲಾಸು ಮೆಲ್ಲಗೆ ಕೆಳಗಿಟ್ಟರು. ಮಚ್ಚೇಂದ್ರ ಸರ್‌ಗೆ ಇನ್ನೂ ತಿಳಿದಿರಲಿಲ್ಲ. "ಅದು ಕೋರ್ಸಿಂದು, ಇದು ನಿಂದು," ಎಂದು ಎರಡು ಸಲ ಹೇಳಿದರು. ಮೂರನೆಯ ಸಲ ಹೇಳುವಾಗ ಮಧ್ಯಕ್ಕೇ ನಿಂತರು.

ರತ್ನಮಾಲಾ ಶಾಂತವಾಗಿಯೇ ಮುಂದುವರಿಸಿದಳು. "ನಂದು ನಲವತ್ತಾರು ಅಂತ ಬರೀರಿ, ನಡೀತದ. ಆವಾಗ ಕೋರ್ಸಿಂದೂ ನಲವತ್ತಾರು ಬರೀಬೇಕು. ಕೋರ್ಸಿಂದು ಎಂಬತ್ತೊಂದು ಇರ್ಲಿ ಅಂದ್ರ ನಂದೂ ಎಂಬತ್ತೊಂದು. ಎರಡೂ ಒಮ್ಮೆಲೇ ಆಗಂಗಿಲ್ರಿ. ಇದನ್ನೇ ಸರ್ ನನಗ ಕಲಿಸ್ಯಾರ." ಸರ್ ಎಂದದ್ದು ನನ್ನನ್ನು.

ಇಬ್ಬರೂ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಮಾತಾಡಿದರು. ಎರಡು ವರ್ಷದಲ್ಲಿ ಅವರು ಅಷ್ಟು ಹತ್ತಿರ ನಿಂತು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಒಳಗೆ ಬಂದು, ಹಾಜರಿ ಎಂಬತ್ತೊಂದೇ ಸರಿ, ನಲವತ್ತಾರು ಎಣಿಕೆಯ ಲೋಪ, ಸಮಿತಿ ಕಂಡದ್ದು ವಿದ್ಯಾರ್ಥಿನಿ ಮರೆತು ಹೋದ ವಸ್ತ್ರ ಎಂದು ಬರೆದರು. ಹಾಲ್ ಟಿಕೆಟ್ ಅಲ್ಲೇ ಕೊಟ್ಟರು.

ಅವಳು ತೆಗೆದುಕೊಳ್ಳದೆ ನಿಂತಳು. "ರಾಜೇಶ್ವರದಾಗ ಕ್ಲಾಸ್ ನಡೀತು ಅಂತನೂ ಒಂದು ಸಾಲು ಬರೀರಿ ಸರ್. ನಾ ದಸ್ತಿ ಇಟ್ಟು ಪಾಸಾದಾಕಿ ಅಲ್ಲ. ಓದೀನಿ."

ಮಚ್ಚೇಂದ್ರ ಸರ್ ಪೆನ್ನಿನ ಮುಚ್ಚಳ ಹಾಕಿದರು. "ನೋಡವಾ, ನಿನಗ ಹಾಲ್ ಟಿಕೆಟ್ ಬೇಕೋ, ಹಕೀಕತ್ ಬೇಕೋ?"

ಅವಳ ಕಣ್ಣು ತುಂಬಿತು. 'ಹಕೀಕತ್' ಎಂದು, ನಿಜವೇ ಬೇಕು ಎಂದು ಅವಳು ಹೇಳಲಿ ಎಂದು ನನ್ನೊಳಗೆ ಏನೋ ಬಯಸಿತು. ಬೇರೆಯವರ ಧೈರ್ಯ ನೋಡುವ ಚಟ ನನಗೆ ಬಹಳ. ಅವಳು ಹಾಲ್ ಟಿಕೆಟ್ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಗೆ ಹೋದಳು. ಹಂಗಾಮು ಎದುರಿಗೆ ಇತ್ತು. ಅವಳು ಬೇರೆ ಏನು ಮಾಡಬೇಕಿತ್ತು?

ಪರೀಕ್ಷೆ ಬರೆದಳು, ಮೊದಲ ರ‍್ಯಾಂಕು ಬಂದಳು. ಇದ್ದವಳು ಒಬ್ಬಳೇ ಎಂದು ಕೆಲವರು ನಕ್ಕರು. ಉತ್ತರ ಪತ್ರಿಕೆ ತಿದ್ದಿದ್ದು ಹೊರ ರಾಜ್ಯದವರು. ಇಂಥ ಪತ್ರಿಕೆ ನೋಡಿ ಬಹಳ ವರ್ಷವಾಯಿತು ಎಂದು ಅವರು ಬರೆದು ಕಳಿಸಿದ್ದರು. ಆ ಕಾಗದವೂ ಯಾವುದೋ ಫೈಲಿನಲ್ಲಿದೆ. ಕೋರ್ಸಿಗೆ ಎಕ್ಸಲೆಂಟ್ ಗ್ರೇಡು ಬಂತು. ನನಗೆ ಮುಂದುವರಿಕೆಯ ಆದೇಶ ಬಂತು.

ನವೆಂಬರಿನಲ್ಲಿ ಹುಮನಾಬಾದದಲ್ಲಿ ಸನ್ಮಾನ ಸಮಾರಂಭ ಇಟ್ಟರು. ಮುಂದಿನ ಸಾಲಿನಲ್ಲಿ ಮೂರು ಕುರ್ಚಿ: ಇಬ್ಬರು ಸಂಯೋಜಕರಿಗೆ, ಒಂದು ರ‍್ಯಾಂಕು ಬಂದವಳಿಗೆ. ಮುಖ್ಯ ಅತಿಥಿ ಬಂದಾಗ ಮೊದಲ ಕುರ್ಚಿಯಲ್ಲಿ ಕರಿಯ ಕೋಟು ಇತ್ತು, ಎರಡನೆಯದರಲ್ಲಿ ಕನ್ನಡಕದ ಡಬ್ಬಿ. ಇಬ್ಬರೂ ಅತಿಥಿಯನ್ನು ಎದುರುಗೊಳ್ಳಲು ಹೋಗಿದ್ದರು, ಒಬ್ಬರು ಒಂದು ರಸ್ತೆಗೆ, ಇನ್ನೊಬ್ಬರು ಇನ್ನೊಂದಕ್ಕೆ. ಅತಿಥಿ ಮೂರನೆಯ ರಸ್ತೆಯಿಂದ ಬಂದಿದ್ದರು. ಮೂರನೆಯ ಕುರ್ಚಿಯಲ್ಲಿ ಹಳದಿ ದಸ್ತಿ. ಯಾರ್ಡಿನ ಕೆಲಸ ಬಿಟ್ಟು ರತ್ನಮಾಲಾ ಬಂದಿರಲಿಲ್ಲ, ಅದನ್ನು ಇಟ್ಟವಳು ಕುಲ್ಸುಮ್ ಬೀ. ಅತಿಥಿಗೆ ಮುಂದೆ ಇನ್ನೊಂದು ಕಾರ್ಯಕ್ರಮ ಇತ್ತು. ಕುರ್ಚಿಗಳಿಗೇ ಶಾಲು ಹೊದಿಸಿದರು. ಪದಕವನ್ನು ದಸ್ತಿಯ ಮೇಲೆ ಇಟ್ಟರು. ಚಪ್ಪಾಳೆ ಜೋರಾಗಿಯೇ ಬಿತ್ತು. ಕೋರ್ಸಿನವರ ಪೈಕಿ ಆ ಸಾಲಿನ ಹಿಂದೆ ಮೈ ಹೊತ್ತು ಬಂದು ಕೂತವನು ನಾನೊಬ್ಬನೇ.

ಎಲ್ಲ ಮುಗಿದ ಮೇಲೆ ಕುಲ್ಸುಮ್ ಬೀ ಪದಕವನ್ನು ಆ ದಸ್ತಿಯಲ್ಲೇ ಗಂಟು ಕಟ್ಟಿ ನನ್ನ ಕೈಗಿಟ್ಟಳು. "ಅಕೀಗಿ ಮುಟ್ಟಿಸ್ರಿ ಸರ್."

ಮರುದಿನ ಮಧ್ಯಾಹ್ನ ಹಳ್ಳಿಖೇಡದ ಕಡೆ ಹೋದೆ. ಯಾರ್ಡಿನ ಗೇಟಿನ ಹತ್ತಿರ ತಗಡಿನ ಕೋಣೆ, ಅದಕ್ಕೊಂದು ಕಿಟಕಿ. ಒಳಗೆ ರತ್ನಮಾಲಾ ಕೂತು ಮೈಕಿನಲ್ಲಿ ಹಳ್ಳಿಗಳ ಹೆಸರು ಕೂಗುತ್ತಿದ್ದಳು. ಟ್ರ್ಯಾಕ್ಟರುಗಳು ಸರಿಯುತ್ತಿದ್ದವು. ಸಾಲಿನಲ್ಲಿ ಒಂದೇ ಒಂದು ಕಲ್ಲು, ಒಂದೇ ಒಂದು ದಸ್ತಿ ಇರಲಿಲ್ಲ. ಸಂಘಪಾಲನೂ ತನ್ನ ಸರದಿಯಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದ. ಮಗಳು ಒಳಗಿದ್ದಾಳೆಂದು ಒಂದು ಗಾಡಿಯಷ್ಟೂ ಮುಂದೆ ಬಂದಿರಲಿಲ್ಲ. ನಾನು ಎಲ್ಲರನ್ನೂ ದಾಟಿ ಕಿಟಕಿಗೆ ಹೋಗಿ ಗಂಟನ್ನು ಅದರ ಹಲಗೆಯ ಮೇಲೆ ಇಟ್ಟೆ.

"ರತ್ನಮಾಲಾ, ನಿನ್ನ ಪದಕ. ಇಟ್ಟಿರ್ತೀನಿ, ಜರಾ ನೀರು ಕುಡ್ದು ಬರ್ತೀನಿ."

ಅವಳು ಗಂಟು ನೋಡಿದಳು. ನನ್ನನ್ನೂ ನೋಡಿದಳು, ರಾಜೇಶ್ವರದ ಆ ಕೋಣೆಯ ನಂತರ ಮೊದಲ ಸಲ. ಅದನ್ನು ಎತ್ತಿ ತಿರುಗಿ ನನ್ನ ಕೈಗೆ ಕೊಟ್ಟಳು.

"ಇಲ್ಲಿ ದಸ್ತಿ ನಡ್ಯಂಗಿಲ್ರಿ ಸರ್. ಸಾಲಿನ್ಯಾಗ ನಿಂತ್ಕೋರಿ."

ಹಿಂದೆ ಹೋಗಿ ನಿಂತೆ. ಮುಂದೆ ಹದಿನಾಲ್ಕು ಗಾಡಿ. ಬಿಸಿಲಿತ್ತು. ತಲೆಗೆ ಕಟ್ಟಿಕೊಳ್ಳಲು ಕೈಯಲ್ಲೇ ದಸ್ತಿ ಇತ್ತು, ಕಟ್ಟಿಕೊಳ್ಳಲು ಮನಸ್ಸಾಗಲಿಲ್ಲ. ಮುಕ್ಕಾಲು ತಾಸಿನಲ್ಲಿ ನನ್ನ ಸರದಿ ಬಂತು. ಆ ಮುಕ್ಕಾಲು ತಾಸಿನಲ್ಲಿ ನಾನು ಹೇಳಬೇಕಾದ ಮಾತನ್ನು ಹತ್ತು ಸಲ ಬಾಯಲ್ಲೇ ಹೇಳಿಕೊಂಡಿದ್ದೆ.

"ಹೇಳ್ರಿ ಸರ್," ಎಂದಳು.

"ರಾಜೇಶ್ವರದಾಗ ಕ್ಲಾಸ್ ಆಗಿತ್ತು. ದಿನಾ ಆಗಿತ್ತು. ನಾನೇ ತಗೊಂಡಿದ್ದೆ."

ಅವಳು ಗಂಟನ್ನು ತೆಗೆದುಕೊಂಡು ಮೇಜಿನ ಖಾನೆಯೊಳಗೆ ಇಟ್ಟಳು.

"ನನಗ ಗೊತ್ತದ್ರಿ ಸರ್, ನಾ ಅಲ್ಲೇ ಇದ್ದೆ," ಎಂದಳು. "ಅವತ್ತು ಪಂಚಾಯ್ತಿ ಕೋಣ್ಯಾಗ ನೀವೆಲ್ಲಿದ್ರಿ?"

ನಾನು ಕಿಟಕಿಯಿಂದ ಪಕ್ಕಕ್ಕೆ ಸರಿದೆ. ಅವಳು ಮೈಕು ಹತ್ತಿರ ಎಳೆದುಕೊಂಡು ಮುಂದಿನ ಗಾಡಿ ಕರೆದಳು.